ಸಸ್ಯಜನ್ಯ ಸೆರಮೈಡ್ ಪೂರಕಗಳು

ಅಕ್ಕಿ, ಗೋಧಿ, ಕೊನ್ಯಾಕು ಗಡ್ಡೆಗಳಿಂದ ತೆಗೆದು, ಚರ್ಮದ ತೇವ ಉಳಿಯಲೆಂದು ಹೊಟ್ಟೆಗೆ ಸೇವಿಸುವ ಕೊಬ್ಬಿನಂಶ. ಚರ್ಮದ ಹೊರಪದರದಲ್ಲಿ ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ, ನಡುವೆ ಮೆತ್ತಿದ ಗಾರೆ ಕೊಬ್ಬು. ಆ ಗಾರೆಯ ತೂಕದಲ್ಲಿ ಸುಮಾರು ಅರ್ಧ ಸೆರಮೈಡ್‌ಗಳದು. ವಯಸ್ಸಾದಂತೆ ಗಾರೆ ತೆಳುವಾಗುತ್ತದೆ, ಚರ್ಮ ಒಣಗುತ್ತದೆ.

ಇಂಥ ಕೊಬ್ಬುಗಳ ಮೂಲಘಟಕಕ್ಕೆ 1884ರಲ್ಲಿ ಸ್ಫಿಂಗೋಸಿನ್ ಎಂದು ಹೆಸರಿಟ್ಟವನು ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ವೈದ್ಯ ಥುಡಿಕುಮ್. ಮಿದುಳಿನಲ್ಲಿ ಸಿಕ್ಕ ಈ ವಸ್ತು ಒಗಟಾಗಿ ಕಾಡಿದ್ದರಿಂದ ಗ್ರೀಕ್ ಪುರಾಣದ ಒಗಟುಗಾತಿ ಸ್ಫಿಂಕ್ಸ್ ಹೆಸರಿಗೆ ಬಂದಳು. ಮಿದುಳಿನ ನಂಟು ಬಹುಕಾಲ ಬಿಡಲಿಲ್ಲ: ಸೆರಮೈಡ್ ತಯಾರಿಕೆಗೆ ದನದ ಮಿದುಳೇ ಒದಗುತ್ತಿತ್ತು. ಹುಚ್ಚು ಹಸು ರೋಗದ ಭೀತಿ ಆ ದಾರಿಯನ್ನು ಮುಚ್ಚಿ, ತಯಾರಕರನ್ನು ಸಸ್ಯಗಳತ್ತ ತಿರುಗಿಸಿತು. ಜಪಾನಿನಲ್ಲಿ ರೋಗದ ಮೊದಲ ಪ್ರಕರಣ ಪತ್ತೆಯಾದದ್ದು 2001ರ ಸೆಪ್ಟೆಂಬರಿನಲ್ಲಿ.

ಸಸ್ಯಮೂಲಗಳಲ್ಲಿ ಸ್ವಾರಸ್ಯದ್ದು ಕೊನ್ಯಾಕು. ಇದು ನಮ್ಮ ಸುವರ್ಣಗಡ್ಡೆಯ ದಾಯಾದಿ. ಜಪಾನಿನ ಬೆಳೆಯಲ್ಲಿ ಬಹುಪಾಲು ಗುನ್ಮಾ ಪ್ರಾಂತ್ಯದ್ದು. ಗಡ್ಡೆಯನ್ನು ಹೋಳು ಮಾಡಿ ಒಣಗಿಸಿ ಕುಟ್ಟಿ, ಗಾಳಿಗೆ ತೂರಿದರೆ ಅಡುಗೆಗೆ ಬೇಕಾದ ಭಾರದ ಕಾಳುಪುಡಿ ಕೆಳಗುಳಿಯುತ್ತದೆ, ಹಗುರ ಧೂಳು ಹಾರುತ್ತದೆ. ಅದರ ಹೆಸರೇ ತೊಬಿಕೊ, ಅಂದರೆ ಹಾರುವ ಪುಡಿ. ಘಾಟು ವಾಸನೆಯ ಈ ಪುಡಿಯನ್ನು ತಿನ್ನುವವರಿಲ್ಲ. ಸೆರಮೈಡ್ ಹೇರಳವಾಗಿದ್ದದ್ದು ಅದರಲ್ಲೇ. ಆಲ್ಕೋಹಾಲಿನಲ್ಲಿ ನೆನೆಸಿ ಸಾರ ತೆಗೆಯುವುದು ರೂಢಿಯಾಯಿತು. ಅಕ್ಕಿಯದ್ದೂ ಇದೇ ಕಥೆ: ಗಿರಣಿಯ ತೌಡು, ಮೊಳಕೆಯ ಭಾಗಗಳೇ ಕಚ್ಚಾವಸ್ತು.

2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಣಚರ್ಮದ 51 ಮಹಿಳೆಯರು ಮೂರು ತಿಂಗಳು ದಿನಕ್ಕೆ 350 ಮಿಲಿಗ್ರಾಂ ಗೋಧಿಸಾರವನ್ನೋ ಹುಸಿ ಗುಳಿಗೆಯನ್ನೋ ನುಂಗಿದರು. ಸಾರ ಸೇವಿಸಿದವರ ತೋಳು, ಕಾಲುಗಳಲ್ಲಿ ತೇವ ಹೆಚ್ಚಿತ್ತು. ಪ್ರಯೋಗ ಚಿಕ್ಕದು, ಈ ಕ್ಷೇತ್ರದಲ್ಲಿ ದೊಡ್ಡವು ವಿರಳ, ತಯಾರಕರ ಹಣವಿಲ್ಲದವು ಇನ್ನೂ ವಿರಳ. 2015ರಲ್ಲಿ ಜಪಾನ್ ತಂದ ನಿಯಮದಂತೆ ಕಂಪನಿಗಳು ಪುರಾವೆಯನ್ನು ಸರ್ಕಾರಕ್ಕೆ ಸಲ್ಲಿಸಿ, ತಮ್ಮದೇ ಹೊಣೆಯಲ್ಲಿ ಪೊಟ್ಟಣದ ಮೇಲೆ ಗುಣ ನಮೂದಿಸಬಹುದು. ಚರ್ಮದ ತೇವದ ಮಾತು ಅಂಗಡಿ ಕಪಾಟಿಗೆ ಬಂದದ್ದು ಹೆಚ್ಚಾಗಿ ಈ ಬಾಗಿಲಿನಿಂದ.

ನುಂಗಿದ ಸೆರಮೈಡ್ ನೇರ ಹೋಗಿ ಚರ್ಮದಲ್ಲಿ ಕೂರುತ್ತದೆಂಬುದು ಜಾಹೀರಾತಿನ ಚಿತ್ರ. ಅದು ಕರುಳಿನಲ್ಲೇ ಒಡೆಯುತ್ತದೆ, ಚೂರುಗಳಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಆ ಅಲ್ಪವೇ ಚರ್ಮಕ್ಕೆ ತನ್ನ ಸೆರಮೈಡ್ ತಾನೇ ತಯಾರಿಸಿಕೊಳ್ಳುವ ಸೂಚನೆ ಕೊಡುತ್ತದೆ ಎಂಬುದು ಸಂಶೋಧಕರ ಊಹೆ.