ಕೋಟೆಯ ಕಣಜ, ದಂಗೆಯ ಕೈವಶ

ಮುಂಬಯಿಯ ಉಪನಗರ ಕಾಂದಿವಲಿಯ ನೆರೆಯಲ್ಲೇ, ಇಂದು ರಾಷ್ಟ್ರೀಯ ಉದ್ಯಾನವೆನಿಸಿರುವ ಅರಣ್ಯದೊಳಗೆ, ಕಾನ್ಹೇರಿಯ ಬಂಡೆಗಳ ಮೇಲೆ ಮಾನ್ಯಖೇಟದ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರಿದೆ. ಕ್ರಿ.ಶ. 843ರಿಂದ 877ರ ನಡುವೆ ಕೊರೆಸಿದ ಆ ದಾನಶಾಸನಗಳು, ಕೊಂಕಣವನ್ನಾಳುತ್ತಿದ್ದ ಶಿಲಾಹಾರರು ನಮ್ಮ ರಾಷ್ಟ್ರಕೂಟರ ಸಾಮಂತರೆಂದು ಸಾರುತ್ತವೆ. ಮುಂದೆ ಆ ಮಹಾಸಾಮ್ರಾಜ್ಯದ ರಾಜಧಾನಿಯನ್ನು ಮಾಳವದ ಸೀಯಕ 972ರಲ್ಲಿ ಸೂರೆಗೈದನಾದರೂ, ಸಿಂಹಾಸನವನ್ನೇ ಕಸಿದವನು ಮರುವರ್ಷ ತಲೆಯೆತ್ತಿದ ಸ್ವಂತ ಸಾಮಂತ, ತರ್ದವಾಡಿಯ ತೈಲಪ. ಈ ಚರಿತ್ರೆಯ ವಾರಸುದಾರರಾದ ನಮಗೆ ಕ್ಯಾನ್ಸರಿನ ಕಥೆ ಅಪರಿಚಿತವೆನಿಸದು. ಅಲ್ಲಿಯೂ ದಂಗೆಯೇಳುವುದು ದೇಹದ ಸ್ವಂತ ಜೀವಕೋಶವೇ; ಆಮೇಲೆ ಅದು ರಾಜ್ಯದ ಭಂಡಾರಕ್ಕೇ ಕೈಹಾಕುತ್ತದೆ.

ಅಂಥ ಪುರಾತನ ಭಂಡಾರಗಳಲ್ಲೊಂದು ಸ್ವಭಕ್ಷಣ, ವಿಜ್ಞಾನಿಗಳ ಬಾಯಲ್ಲಿ ಆಟೊಫಜಿ. ಮುತ್ತಿಗೆಗೊಳಗಾದ ಕೋಟೆಯವರು ಹಳೆಯ ತೊಲೆಗಳನ್ನು ಕಿತ್ತು ಒಲೆಗೆ ಹಾಕುವಂತೆ, ಹಸಿದ ಜೀವಕೋಶವು ತನ್ನೊಳಗಿನ ಜೀರ್ಣಾಂಶಗಳನ್ನು ಪೊರೆಯ ಪೊಟ್ಟಣದಲ್ಲಿ ಕಟ್ಟಿ, ಲೈಸೋಸೋಮ್ ಎಂಬ ಆಮ್ಲಭರಿತ ಕೋಶಿಕೆಗೆ ಒಯ್ದು ಕರಗಿಸಿ, ಅದೇ ದ್ರವ್ಯದಿಂದ ಮತ್ತೆ ಬದುಕು ಕಟ್ಟಿಕೊಳ್ಳುತ್ತದೆ. ಲೈಸೋಸೋಮನ್ನು 1955ರಲ್ಲಿ ಲೋಕಕ್ಕೆ ಪರಿಚಯಿಸಿದ ಬೆಲ್ಜಿಯಮ್ಮಿನ ಕ್ರಿಶ್ಚಿಯನ್ ಡಿ ಡುವ್, 1963ರಲ್ಲಿ ಈ ಕ್ರಿಯೆಗೆ ನಾಮಕರಣವನ್ನೂ ಮಾಡಿದ. ಬಳಿಕ ಕಾಲು ಶತಮಾನ ಕಾಲ ಆ ವಿಷಯ ಕೆಲವೇ ಪಂಡಿತರ ಸೊತ್ತಾಗಿ ಉಳಿಯಿತು. ಟೋಕಿಯೋದಲ್ಲಿ ಯೋಶಿನೋರಿ ಒಸುಮಿ ಎಂಬ ಏಕಾಂಗಿ ಸಾಧಕ, ಕರಗಿಸುವ ಕಿಣ್ವಗಳಿಲ್ಲದ ಯೀಸ್ಟನ್ನು ಉಪವಾಸ ಕೆಡವಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಲೈಸೋಸೋಮಿನ ಕೆಲಸ ಮಾಡುವ ಅದರ ರಸದಾನಿಯೊಳಗೆ ಅಸಂಖ್ಯ ಸಣ್ಣ ಗೋಳಗಳು ತುಂಬಿಕೊಂಡು ಬಿಡುವಿಲ್ಲದೆ ಕುಣಿಯುತ್ತಿದ್ದವು. ಬಂದ ಸರಕು ಕರಗದೆ ರಾಶಿಬಿದ್ದಿತ್ತು. ಆ ದೃಶ್ಯದ ಜಾಡು ಹಿಡಿದು 1993ರಲ್ಲಿ ಅವನು ಪ್ರಕಟಿಸಿದ 15 ವಿಕೃತ ತಳಿಗಳೇ ಈ ಶಾಸ್ತ್ರದ ಅಡಿಗಲ್ಲು; 2016ರ ನೊಬೆಲ್ ಅವನೊಬ್ಬನಿಗೇ ಸಂದಿತು.

ಆದರೆ ಈ ಶಕ್ತಿಗೆ ಸ್ವಾಮಿನಿಷ್ಠೆಯಿಲ್ಲ. ಅಮೆರಿಕದ ಬೆತ್ ಲೆವಿನ್ 1999ರಲ್ಲಿ ಬೆಕ್ಲಿನ್-1 ಎಂಬ ಜೀನನ್ನು ಸ್ತನದ ಕ್ಯಾನ್ಸರ್ ಕೋಶಗಳಿಗೆ ಮರಳಿ ಕೊಟ್ಟಾಗ ಸ್ವಭಕ್ಷಣ ಚುರುಕಾಯಿತು, ಗಡ್ಡೆ ಕಟ್ಟುವ ಸಾಮರ್ಥ್ಯ ಕುಗ್ಗಿತು. ಹಾಗಾದರೆ ಇದು ರಾಜ್ಯರಕ್ಷಕನೇ ಸರಿ ಎಂದುಕೊಳ್ಳುವಷ್ಟರಲ್ಲಿ, 2011ರ ಸಂಶೋಧನೆಗಳು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಈ ಕಣಜವಿಲ್ಲದೆ ಬೆಳೆಯಲಾರದೆಂದು ತೋರಿಸಿದವು. ದಂಗೆ ಹುಟ್ಟದಂತೆ ಕಾಯುವ ಕಾವಲುಗಾರನೇ, ದಂಗೆ ಗೆದ್ದ ಮೇಲೆ ದಂಗೆಕೋರನ ಉಗ್ರಾಣಿಯಾಗುತ್ತಾನೆ.

ಈ ಉಗ್ರಾಣಕ್ಕೆ ಬೀಗ ಜಡಿಯಲು ವೈದ್ಯಲೋಕ ಹುಡುಕಿ ತೆಗೆದ ಆಯುಧವಾದರೂ ಎಂಥದು! ಮಲೆನಾಡಿನ ಎಷ್ಟೋ ಮನೆತನಗಳ ದೀಪ ನಂದಿಸಿದ ಚಳಿಜ್ವರದ ವಿರುದ್ಧ ನಮ್ಮ ಹಿರಿಯರು ಕ್ವಿನೈನಿನ ಕಹಿ ನುಂಗಿದವರು. ಅದೇ ಯುದ್ಧಕ್ಕೆಂದು ಜರ್ಮನಿಯ ಬೇಯರ್ ಪ್ರಯೋಗಶಾಲೆಯಲ್ಲಿ 1934ರಲ್ಲಿ ಹುಟ್ಟಿದ್ದು ಕ್ಲೋರೊಕ್ವಿನ್. ಅದರ ಸೌಮ್ಯ ಸೋದರ ಹೈಡ್ರಾಕ್ಸಿಕ್ಲೋರೊಕ್ವಿನ್. ಇವು ಲೈಸೋಸೋಮನ್ನು ಹೊಕ್ಕು, ಅಲ್ಲಿಯೇ ಸಿಕ್ಕಿಕೊಂಡು, ಅದರ ಆಮ್ಲವನ್ನು ಕುಂದಿಸಿ, ಪೊಟ್ಟಣಗಳು ಕರಗದಂತೆ ತಡೆಯುತ್ತವೆ. ಈ ಮಾತ್ರೆಗಳ ದೊಡ್ಡ ಒಡ್ಡೋಲಗ ಕಾಂದಿವಲಿಯಲ್ಲೇ ಇದೆ. ಇವನ್ನು ತಯಾರಿಸುವ, 1949ರಲ್ಲಿ ಸ್ಥಾಪನೆಯಾದ ಇಪ್ಕಾ ಲ್ಯಾಬೊರೇಟರೀಸ್ ಸಂಸ್ಥೆಯ ಕೇಂದ್ರ ಕಚೇರಿ ಪಶ್ಚಿಮ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದೆ. 2020ರ ಮಹಾಮಾರಿಯಲ್ಲಿ ಜಗತ್ತಿನ ಅಧಿಪತಿಗಳು ಹೈಡ್ರಾಕ್ಸಿಕ್ಲೋರೊಕ್ವಿನ್‌ಗಾಗಿ ಭಾರತದ ಬಾಗಿಲು ತಟ್ಟಿದರು. ಕೊರೋನಾದಲ್ಲಿ ಅದು ಕೈಕೊಟ್ಟಿತು. ಆ ಅಬ್ಬರ ಇಲ್ಲಿ ಬೇಡ.

ಕ್ಯಾನ್ಸರಿನ ರಣದಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ನಿನ ದಂಡಯಾತ್ರೆ ಗಂಭೀರವಾದದ್ದು, ಫಲ ಮಾತ್ರ ಮಿಶ್ರ. ಅಮೆರಿಕದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಮುಂದುವರಿದಿದ್ದ 112 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕೀಮೋ ಜೊತೆಗೆ ಈ ಮಾತ್ರೆ ಪಡೆದವರಲ್ಲಿ ಶೇ. 38ರಷ್ಟು ಮಂದಿಯ ಗಡ್ಡೆ ಕುಗ್ಗಿತು, ಕೀಮೋ ಮಾತ್ರ ಪಡೆದವರಲ್ಲಿ ಶೇ. 21. ಆದರೆ ವರ್ಷ ಕಳೆದಾಗ ಬದುಕುಳಿದವರು ಕ್ರಮವಾಗಿ ಶೇ. 41 ಮತ್ತು ಶೇ. 49, ಆಯುಸ್ಸು ಹೆಚ್ಚಲಿಲ್ಲ. ಇದನ್ನು ಪೂರ್ಣ ಪರಾಜಯವೆಂದು ಬರೆಯಲು ನನ್ನ ಲೇಖನಿ ಒಪ್ಪದು. ಅದೇ ವರ್ಷ ಎರಡು ತಂಡಗಳು, ಕ್ಯಾನ್ಸರನ್ನು ಮುನ್ನಡೆಸುವ ಕೆರಾಸ್ ಜೀನಿನ ಆಜ್ಞಾಸರಣಿಯನ್ನು ಔಷಧದಿಂದ ಕಡಿದಾಗಲೇ ಗಡ್ಡೆಯು ಸ್ವಭಕ್ಷಣಕ್ಕೆ ಇನ್ನಷ್ಟು ಜೋತುಬೀಳುತ್ತದೆಂದೂ, ಆ ಗಳಿಗೆಯಲ್ಲಿ ಎರಡೂ ದಾರಿಗಳನ್ನು ಮುಚ್ಚಿದರೆ ಇಲಿಗಳಲ್ಲಿ ಅದು ಸೊರಗುತ್ತದೆಂದೂ ತೋರಿಸಿದವು. ಮುತ್ತಿಗೆಯ ಮುಹೂರ್ತವೇ ಮುಖ್ಯವೆಂಬುದು ಹಳೆಯ ದಂಡನಾಯಕರಿಗೆ ತಿಳಿದಿದ್ದ ಸಂಗತಿ. ಆ ಜೋಡಿಪ್ರಹಾರದ ಪರೀಕ್ಷೆಗಳು ಈಗ ಮನುಷ್ಯರಲ್ಲಿಯೂ ಆರಂಭವಾಗಿವೆ. ಇತ್ತ ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ರವಿ ಮಂಜಿತ್ತಾಯರ ತಂಡ ಒಸುಮಿಯ ಅದೇ ಯೀಸ್ಟನ್ನು ಬಳಸಿ, ಸ್ವಭಕ್ಷಣವನ್ನು ಏರಿಸುವ, ಇಳಿಸುವ ಹೊಸ ಅಣುಗಳನ್ನು ಒಂದೊಂದಾಗಿ ಶೋಧಿಸುತ್ತಿದೆ.