ಸೀತಾಫಲದ ಬುಟ್ಟಿ, ಅಜ್ಜನ ಸೈಕಲ್ಲು

ಬನ್ನಿ ಕೊಟ್ಟು "ಬಂಗಾರದ್ಹಂಗ ಇರೋಣು" ಅಂತ ಹೇಳಿ ಎರಡು ದಿನ ಆಯ್ತು. ಹಿಂಗಾರಿ ಜೋಳ ಬಿತ್ತಿದ ಹೊಲದಾಗ ಹಸಿರು ಸಾಲು ಕಾಣಾಕ ಹತ್ಯಾವ. ಶೀಗಿ ಹುಣ್ಣಿವಿಗೆ ಇನ್ನೂ ಮೂರು ದಿನ. ಈ ನಡುವಿನ ಬಿಡುವಿನಲ್ಲಿ ನಮ್ಮ ಕಡೆ ಎರಡು ಕೆಲಸ. ಒಂದು, ಹಿತ್ತಲದ್ದು, ಬದುವಿನದು ಸೀತಾಫಲ ಇಳಿಸೋದು. ಇನ್ನೊಂದು, ಊರ ಸೈಕಲ್ ಶರ್ಯತ್ತಿಗೆ ಹೆಸರು ಕೊಡೋದು. ಈ ವರ್ಷ ಎರಡೂ ನಮ್ಮ ಮನಿಯಾಗೇ ಕೂಡಿ ಬಂದಾವು, ಅದಕ್ಕ ಇವತ್ತಿನ ಬರಹ ಸ್ವಲ್ಪ ಉದ್ದ ಆಗ್ತದ. ಚಹಾ ಇಟ್ಕೊಂಡು ಓದ್ರಿ.

ಮೊದಲು ಹಣ್ಣಿನ ಮಾತು. ಸೀತಾಫಲ ಗಿಡದಾಗೇ ಹಣ್ಣಾಗಲಿ ಅಂತ ಬಿಟ್ಟರೆ ಅದು ನಿಮ್ಮ ಪಾಲಿಗಲ್ಲ. ಗಿಳಿ, ಅಳಿಲು, ಇರುವೆ ಇವುಗಳ ಪಾಲಿಗೆ. ಕಾಯಿ "ಕಣ್ಣು ಬಿಡೋ" ಹೊತ್ತಿಗೆ ಇಳಿಸಬೇಕು. ಮೈಮೇಲಿನ ಗುಬುಟುಗಳ ನಡುವಿನ ಗೆರೆ ಹಿಗ್ಗಿ ಬೆಣ್ಣೆ ಬಣ್ಣಕ್ಕೆ ತಿರುಗಿದರೆ ಅದು ಕಣ್ಣು ಬಿಟ್ಟ ಹಂಗ. ಅಂಥ ಕಾಯಿಯನ್ನು ತೊಟ್ಟು ಸಮೇತ ಕಿತ್ತು, ಹೊಟ್ಟಿನಾಗ ಅಡೆ ಹಾಕಿದರೆ ಎರಡರಿಂದ ನಾಲ್ಕು ದಿನದಾಗ ಹಣ್ಣು. ಹಣ್ಣಾದ ಮೇಲೆ ಮತ್ತೆ ಒಂದೆರಡು ದಿನ, ಅಷ್ಟೇ. ಒತ್ತಿದರೆ ಒಡೀತದ, ಬಿಟ್ಟರೆ ಕೊಳೀತದ, ಫ್ರಿಜ್ಜಿನಾಗ ಇಟ್ಟರೆ ಸಿಪ್ಪೆ ಕರ್ರಗಾಗ್ತದ. ಈ ಹಣ್ಣಿಗೆ ದೂರದ ಊರು ಆಗಿಬರೋದಿಲ್ಲ. ಈ ಮಾತು ನೆನಪಿನಾಗ ಇಟ್ಕೊಳ್ರಿ, ಮುಂದೆ ಬೇಕಾಗ್ತದ.

ಸೀತಾಫಲ ಅಂದ ಕೂಡಲೇ ಸೀತಮ್ಮನ ವನವಾಸದ ಕತಿ ಹೇಳೋರು ಊರೂರಿಗೆ ಇದ್ದಾರ. ಆದರ ಈ ಗಿಡದ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಇದರ ಕಾಡು ಬಂಧು-ಬಳಗ ಎಲ್ಲ ಅಲ್ಲೇ ಐತಿ. ಪೋರ್ಚುಗೀಸರ ಹಡಗಿನ ಕಾಲದಾಗ ಅದು ನಮ್ಮ ಕಡೆ ಬಂತು ಅನ್ನೋದು ಸಸ್ಯಶಾಸ್ತ್ರದವರ ಮಾತು. ಇದಕ್ಕ ತಕರಾರು ತೆಗೆದವರೂ ಇದ್ದಾರ. 1879ರಲ್ಲಿ ಭಾರಹುತ ಸ್ತೂಪದ ಬಗ್ಗೆ ಪುಸ್ತಕ ಬರೆದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್, ಅಲ್ಲಿಯ ಕಲ್ಲಿನ ಕೆತ್ತನೆಯೊಳಗ ಇರೋ ಹಣ್ಣು ಸೀತಾಫಲನೇ ಅಂತ ವಾದಿಸಿದ. ಆ ಕೆತ್ತನೆ ಎರಡು ಸಾವಿರ ವರ್ಷಕ್ಕೂ ಹಳೇದು. ಆದರ ಕಲ್ಲಿನಾಗಿನ ಗುಬುಟು ನೋಡಿ ಹಣ್ಣು ಯಾವುದು ಅಂತ ಗಟ್ಟಿ ಹೇಳೋದು ಕಷ್ಟ, ಹಲಸಿಗೂ ಗುಬುಟು ಇರ್ತಾವ. ಗಿಡದ ಬಂಧು-ಬಳಗ ಎಲ್ಲೈತಿ ಅನ್ನೋದೇ ನನಗ ಗಟ್ಟಿ ಸಾಕ್ಷಿ ಅನಸ್ತದ.

ನಮಗೂ ಆ ಹಡಗಿಗೂ ಏನು ಸಂಬಂಧ ಅಂತೀರಿ? 1510ರಲ್ಲಿ ಅಲ್ಬುಕರ್ಕ್ ಗೋವಾ ಕಸಿದುಕೊಂಡಿದ್ದು ಯಾರ ಕೈಯಿಂದ? ನಮ್ಮ ವಿಜಾಪುರದ ಆದಿಲಶಾಹಿಗಳ ಕೈಯಿಂದ. ಅವತ್ತಿನಿಂದ ಗೋವಾ ಬಂದರಿಗೆ ಪೋರ್ಚುಗೀಸರು ಏನೇನು ಇಳಿಸಿದರೋ ಅದು ಘಟ್ಟ ಹತ್ತಿ ನಮ್ಮ ಹೊಲಕ್ಕ ಬಂತು. ಹೆಸರಿನಾಗೇ ಅದರ ಗುರುತು ಉಳಿದದ. ಪೇರಲ ಅನ್ನೋದು ಅವರ 'ಪೇರಾ', ಬಟಾಟೆ ಅವರ 'ಬಟಾಟಾ', ಅನಾನಸು ಅವರ 'ಅನಾನಾಸ್'. ಪಪ್ಪಾಯಿಗೆ ದಕ್ಷಿಣದ ಕಡೆ ಪರಂಗಿ ಹಣ್ಣು ಅಂತಾರಲ್ಲ, ಪರಂಗಿ ಅಂದರ ಫಿರಂಗಿ, ಪರದೇಶಿ. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಎಲ್ಲವೂ ಅಮೆರಿಕದವೇ. ಅವಕ್ಕೆಲ್ಲ ಇಲ್ಲದ ಭಾಗ್ಯ ಈ ಒಂದು ಹಣ್ಣಿಗೆ ಸಿಕ್ತು: ಜನ ಇದನ್ನು ಪರದೇಶಿ ಅನ್ನಲೇ ಇಲ್ಲ, ಸೀತಮ್ಮನ ಹೆಸರಿಟ್ಟು ಮನಿಯೊಳಗ ಕರಕೊಂಡರು.

ಯಾಕ ಕರಕೊಂಡರು? ಅದು ಏನೂ ಕೇಳಲಿಲ್ಲ, ಅದಕ್ಕ. ಎಲೆಗೆ ಕಟು ವಾಸನೆ, ಆಡು ಬಾಯಿ ಹಾಕೋದಿಲ್ಲ. ಬೇಸಿಗಿಯಾಗ ಎಲೆ ಉದುರಿಸಿ ಸುಮ್ಮನೆ ನಿಲ್ತದ. ಕಲ್ಲು, ಗರಸು, ಹಾಳುಗೋಡೆ, ಕೋಟೆಯ ಸಂದು ಎಲ್ಲಿ ಬೀಜ ಬಿದ್ದರೂ ಹುಟ್ತದ. ದಖ್ಖನ್ನಿನ ಹಳೇ ಕೋಟೆಗಳ ಸುತ್ತ ಇದು ಕಾಡಾಗಿ ಬೆಳೆದದ್ದು ಹಿಂಗ. ಬೀಜ ಮಾತ್ರ ವಿಷ. ನಮ್ಮ ಆಯಿ ಬೀಜ ಅರೆದು ಹುಡುಗಿಯರ ತಲೆಗೆ ಹೇನಿಗಂತ ಹಚ್ಚತಿದ್ಲು. ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ, ಅದನ್ನ ಈಗ ಯಾರೂ ಮಾಡಬ್ಯಾಡ್ರಿ. ಬರದ ವರ್ಷದಾಗ ಜನ ಈ ಹಣ್ಣಿನ ಮೇಲೆ ಜೀವ ಹಿಡಿದರು ಅಂತ 19ನೇ ಶತಮಾನದ ಬ್ರಿಟಿಷ್ ಸಸ್ಯಗ್ರಂಥಗಳೊಳಗ ಬರೆದಿಟ್ಟಾರ. 1876–78ರ ದೊಡ್ಡ ಬರದಾಗ ಅತಿ ಹೆಚ್ಚು ಬಡಿಸಿಕೊಂಡ ಸೀಮೆಯೊಳಗ ನಮ್ಮದೂ ಒಂದು. ಬದುವಿನ ಮೇಲೆ ನೀರು ಕೇಳದ ಒಂದು ಗಿಡ ಇರೋದು ಅಂದರ ಅಂಥ ಸೀಮೆಯೊಳಗ ಏನು ಅಂತ ವಿಚಾರ ಮಾಡ್ರಿ.

ಆಗ ನಮ್ಮ ಜಿಲ್ಲೆಗೆ ಕಲಾದಗಿ ಜಿಲ್ಲೆ ಅಂತ ಹೆಸರು. ಘಟಪ್ರಭಾ ದಂಡೆಯ ಕಲಾದಗಿನೇ ಮುಖ್ಯ ಠಾಣ್ಯ. 1885ರಲ್ಲಿ ಕಚೇರಿ ಎಲ್ಲ ವಿಜಾಪುರಕ್ಕೆ ಹೋದವು, ಊರು ಸಣ್ಣದಾಯ್ತು. ಕಲೆಕ್ಟರ್ ಹೋದರೇನು, ಹಣ್ಣು ಉಳಿದವು. ಇವತ್ತಿಗೂ ಕಲಾದಗಿ ಅಂದರ ದಾಳಿಂಬಿ, ಚಿಕ್ಕು, ಪೇರಲ. ಚಿಕ್ಕು, ಪೇರಲ ಸಹ ಅದೇ ಹಡಗಿನ ದಾರಿಯ ಸಂತಾನ.

ಅದೇ 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯೊಳಗ ಜಾನ್ ಕೆಂಪ್ ಸ್ಟಾರ್ಲಿ ಅನ್ನೋನು 'ರೋವರ್' ಅನ್ನೋ ಸೈಕಲ್ ಮಾರುಕಟ್ಟೆಗೆ ತಂದ. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನು. ಅದಕ್ಕೂ ಮೊದಲು ಮುಂದಿನ ಗಾಲಿ ಆಳೆತ್ತರ, ಬಿದ್ದರೆ ಕುತ್ತಿಗಿಗೇ ಕುತ್ತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ ಮೇಲೆ ಇವತ್ತಿನ ಸೈಕಲ್ಲಿನ ಅಂಗಾಂಗ ಪೂರ್ತಿ ಆತು. ಸ್ವಾತಂತ್ರ್ಯಕ್ಕ ಮೊದಲು ಇಲ್ಲಿ ಓಡಿದ್ದು ಬಹುತೇಕ ಇಂಗ್ಲೆಂಡಿನ ಸೈಕಲ್, ಅದೂ ಸಾಹೇಬರದು, ಸಾವಕಾರರದು, ಮಾಸ್ತರರದು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನಾದಲ್ಲಿ ಹೀರೋ ಶುರುವಾದವು. ಆಮೇಲೆ ಅದು ರೈತನ ಕೈಗೂ ಸಿಕ್ತು.

ನಮ್ಮ ಅಜ್ಜನ ಕೈಗೆ ಸಿಕ್ಕಿದ್ದು 1964ರಲ್ಲಿ, ಸೆಕೆಂಡ್ ಹ್ಯಾಂಡು. ಒಂದು ಹೋರಿಗರ ಮಾರಿ ತಂದಿದ್ದ. ಆಯಿ ಆರು ತಿಂಗಳು ಬೈದಿದ್ದಳಂತ: "ಹೋರಿ ಹೊಲಾ ಉಳತಿತ್ತು, ಈ ಕಬ್ಬಿಣಾ ಏನ್ ಉಳತೈತಿ?"

ಉತ್ತರ ಬಂದಿದ್ದು ಆ ವರ್ಷದ ಸೀತಾಫಲದ ಸುಗ್ಗಿಯಾಗ. ನಮ್ಮೂರಿನಿಂದ ಬಾಗಲಕೋಟಿ ಸುಮಾರು 20 ಕಿ.ಮೀ. ಅಲ್ಲೀತನಕ ತಲೆ ಮೇಲೆ ಬುಟ್ಟಿ ಹೊತ್ತು ನಡೆದರೆ ಐದು ತಾಸು. 20 ಕಿಲೋ ಹೊರಬಹುದು, ಅಂದರೆ ನೂರು ಹಣ್ಣು. ಮಧ್ಯರಾತ್ರಿ ಬಿಟ್ಟರೂ ಮುಟ್ಟೋ ಹೊತ್ತಿಗೆ ತಳದ ಹಣ್ಣು ಒಡೆದು ರಸ ಕುತ್ತಿಗಿಗೆ ಇಳಿತಿತ್ತು. ಹಿಂಗಾಗಿ ಹಣ್ಣು ಮಾರೋದು ಆಜೂಬಾಜೂ ಹಳ್ಳಿಯಾಗೇ, ಅದೂ ಜೋಳಕ್ಕ ಬದಲಿ. ಸೈಕಲ್ ಬಂದ ಮೇಲೆ ಕ್ಯಾರಿಯರ್ ಮೇಲೆ ಎರಡು ಬುಟ್ಟಿ, ನಡುನಡುವೆ ಬೇವಿನ ತಪ್ಪಲ, 40 ಕಿಲೋ ಸರಕು, ಎರಡು ತಾಸಿನ ದಾರಿ. ನಾಲ್ಕಕ್ಕ ಬಿಟ್ಟರೆ ಆರಕ್ಕ ಸಂತಿಯಾಗ. ಮುಂಚೆ ಹೇಳಿದ್ನಲ್ಲ, ಈ ಹಣ್ಣಿಗೆ ದೂರದ ಊರು ಆಗಿಬರೋದಿಲ್ಲ ಅಂತ? ಸೈಕಲ್ ಬಂದು ಆ ದೂರನೇ ಹತ್ತಿರ ಮಾಡಿತು. ಲಾರಿಯಾಗ ಹಾಕುವಷ್ಟು ಹಣ್ಣು ನಮ್ಮಂಥವರ ಹಂತ್ಯಾಕ ಎಂದೂ ಇರಲಿಲ್ಲ. ಹಿತ್ತಲದ ಹಣ್ಣಿನ ಅಳತಿಗೆ ಸರಿಯಾದ ಗಾಡಿ ಸೈಕಲ್ ಒಂದೇ.

ಎಲ್ಲ ಸುಸೂತ್ರ ಇರಲಿಲ್ಲ. ಎರಡನೇ ವರ್ಷ ದೀಪಾವಳಿ ಮುಂದ, ಕತ್ತಲದಾಗ ಒಂದು ಹಳ್ಳದ ಇಳಿಜಾರಿಗೆ ಬ್ರೇಕ್ ಹಿಡೀಲಿಲ್ಲ. ಅಜ್ಜ, ಸೈಕಲ್, ಎರಡೂ ಬುಟ್ಟಿ ಹಳ್ಳದಾಗ. ಮಣಿಕಟ್ಟು ಮುರೀತು, ಹಣ್ಣೆಲ್ಲ ಕೆಸರಾತು. ಆ ದುಡ್ಡಿನಾಗ ಮಕ್ಕಳ ಹಬ್ಬದ ಅರಿವೆ ಬರಬೇಕಿತ್ತು. ಬರಲಿಲ್ಲ. ನಮ್ಮಪ್ಪ ಆಗ ಏಳು ವರ್ಷದ ಹುಡುಗ, ಇವತ್ತಿಗೂ ಆ ಹಬ್ಬದ ಮಾತು ಬಂದರ ಸುಮ್ಮನಾಗ್ತಾನ. ಮೂರು ತಿಂಗಳು ಅಜ್ಜನ ಕೈ ಏಳಲಿಲ್ಲ. ಆಗ ಆಯಿ ಏನ್ ಮಾಡಿದ್ಲು? ಸೈಕಲ್ ಮಾರಲಿಲ್ಲ. ರಿಪೇರಿ ಮಾಡಿಸಿ ಮೈದುನನ ಕೈಗೆ ಕೊಟ್ಟು ಸಂತಿಗೆ ಕಳಿಸಿದ್ಲು.

ಆ ಸೈಕಲ್ಲಿನ ಒಂದು ಬಿಲ್ಲೆ ಇನ್ನೂ ನಮ್ಮ ಪಡಸಾಲಿ ಗೂಟಕ್ಕ ತೂಗಾಡ್ತದ. ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಆಗ ಸೈಕಲ್ಲಿಗೂ ವರ್ಷಾ ವರ್ಷಾ ತೆರಿಗೆ ಇತ್ತು. ದುಡ್ಡು ಕಟ್ಟಿ ಬಿಲ್ಲೆ ಹಾಕಿಸಬೇಕು. ಪ್ಯಾಟಿಯಾಗ ರಾತ್ರಿ ದೀಪ ಇಲ್ಲದೆ ಹೋದರೆ, ಡಬಲ್ ಕೂಡಿಸಿಕೊಂಡರೆ ಪೊಲೀಸರು ಗಾಲಿಯ ಗಾಳಿ ಬಿಡತಿದ್ರು, ಇಲ್ಲ ದಂಡ.

ಸೈಕಲ್ ಬರೇ ದುಡಿಮಿಗೆ ಅಲ್ಲ, ತಮಾಷೆಗೂ ಬಂತು. ನಾನು ಸಣ್ಣವನಿದ್ದಾಗ ಸುಗ್ಗಿ-ಹಬ್ಬದ ಬಿಡುವಿನಾಗ ಊರ ಬಯಲಿಗೆ "ಏಳು ದಿನದ ಸೈಕಲ್ಲಿನವರು" ಬರತಿದ್ರು. ಒಬ್ಬ ಮನುಷ್ಯಾ ಏಳು ಹಗಲು ಏಳು ರಾತ್ರಿ ಸೈಕಲ್ ಮ್ಯಾಲಿಂದ ಇಳೀದ ಸುತ್ತ ಹೊಡೀತಿದ್ದ. ಊಟ, ಸ್ನಾನ, ಅರಿವೆ ಬದಲಿಸೋದು ಎಲ್ಲ ಮೇಲೇನೇ. ಸಂಜಿಕ ಎದಿಮ್ಯಾಲ ಟ್ಯೂಬಲೈಟ್ ಒಡಕೊಳ್ಳತಿದ್ದ, ಹಲ್ಲಿನಾಗ ಸೈಕಲ್ ಎತ್ತತಿದ್ದ. ಕಡೀ ದಿನ ಊರವರು ನೋಟಿನ ಮಾಲಿ ಹಾಕೋರು. ಆಯಿ ಉಡಿಯಾಗ ಸೀತಾಫಲ ಕಟ್ಕೊಂಡು ಹೋಗಿ ಅವನಿಗೆ ಓಡೋ ಸೈಕಲ್ಲಿನ ಮ್ಯಾಲೇ ಕೊಟ್ಟಿದ್ದು ನನಗ ನೆನಪೈತಿ.

ಈಗ ಅವರು ಬರೋದಿಲ್ಲ. ಆದರ ಶರ್ಯತ್ತು ಉಳಿದದ. ನಮ್ಮ ಎರಡೂ ಜಿಲ್ಲೆಯೊಳಗ ಜಾತ್ರಿ ಅಂದರ ತೆರಬಂಡಿ ಶರ್ಯತ್ತಿನ ಜೋಡಿ ಸೈಕಲ್ ಶರ್ಯತ್ತು ಇರಲೇಬೇಕು. ಎದ್ದು ಮುಂಜಾನೆ ಡಾಂಬರ ರಸ್ತೆ, ಮುಂದ ಮೈಕಿನ ಜೀಪು, ಹಿಂದ ಹುಡುಗರ ಹಿಂಡು. ನೆಲ ಸಪಾಟ, ಗಾಳಿ ಎದುರು, ಹುಡುಗರು ಹೊಲದ ದಾರಿಯಾಗ ತುಳಿದು ಬೆಳೆದವರು. ವಿಜಯಪುರ, ಬಾಗಲಕೋಟೆಯ ಕ್ರೀಡಾ ವಸತಿ ನಿಲಯದಾಗ ತಯಾರಾಗಿ ರಾಷ್ಟ್ರಮಟ್ಟಕ್ಕ ಹೋದ ಸೈಕ್ಲಿಸ್ಟುಗಳೊಳಗ ಒಕ್ಕಲಿಗರ ಮಕ್ಕಳು ಬಹಳ.

ಹೆಣ್ಣುಮಕ್ಕಳ ಮಾತು ಬ್ಯಾರೆ. ನಮ್ಮ ಅಕ್ಕ ಏಳನೇತ್ತಾ ಮುಗಿಸಿ ಸಾಲಿ ಬಿಟ್ಲು, ಹೈಸ್ಕೂಲ್ ಆರು ಕಿ.ಮೀ. ದೂರ ಇತ್ತು ಅಂತ. ಸೈಕಲ್ ಮನಿಯಾಗ ಇತ್ತು, ಆದರ ಹುಡುಗಿ ತುಳಿದರೆ ಜನ ಏನಂತಾರ? 2006-07ರಲ್ಲಿ ಸರ್ಕಾರ ಎಂಟನೇತ್ತಾ ಮಕ್ಕಳಿಗೆ ಸೈಕಲ್ ಕೊಡಾಕ ಶುರು ಮಾಡಿದಾಗ ಆ ಮಾತು ಬಿತ್ತು. ಒಬ್ಬಾಕಿ ತುಳಿದರೆ ಮಾತು, ಇಪ್ಪತ್ತು ಮಂದಿ ಸಾಲಾಗಿ ತುಳಿದರೆ ಅದು ಸಾಲಿ. ಅಕ್ಕನ ಮಗಳು ಅಂಥ ಸೈಕಲ್ ಮ್ಯಾಲೇ ಹತ್ತನೇತ್ತಾ ಮುಗಿಸಿ ಈಗ ನರ್ಸ್ ಆಗ್ಯಾಳ. ಅದೇ ಸೈಕಲ್ ಈಗ ನನ್ನ ಮಗಳ ಕೈಯಾಗ. ಮೊನ್ನೆ ಬಂದು ಹೇಳಿದ್ಲು, "ಅಪ್ಪಾ, ಹೆಣ್ಣುಮಕ್ಕಳ ಶರ್ಯತ್ತಿಗೆ ಹೆಸರ ಕೊಟ್ಟೇನಿ. ಹತ್ತು ಕಿಲೋಮೀಟರ್." ಕೇಳಲಿಲ್ಲ, ಹೇಳಿದ್ಲು.

ಈಗ ನನ್ನ ತಪ್ಪು ಹೇಳಬೇಕು. ನಮ್ಮ ಬದುವಿಗೆ ಹದಿನಾರು ಸೀತಾಫಲ ಗಿಡ ಇದ್ವು. ಹೋದ ವರ್ಷ ಕಬ್ಬಿನ ಟ್ರ್ಯಾಕ್ಟರ್ ಒಳಗ ಬರಲಿ ಅಂತ ದಾರಿ ಅಗಲ ಮಾಡಿದ್ವಿ. ಜೆಸಿಬಿ ಅರ್ಧ ತಾಸಿನಾಗ ಐದು ಗಿಡ ಕಿತ್ತು ಒಗೀತು. ನಾನೇ ನಿಂತು ಕೀಳಿಸಿದ್ದು. ಕಬ್ಬಿನ ದುಡ್ಡಿನ ಮುಂದ ಹಿತ್ತಲ ಹಣ್ಣಿನ ದುಡ್ಡು ಲೆಕ್ಕಕ್ಕಿಲ್ಲ, ಅದು ಖರೇನೇ. ಈ ವರ್ಷ ತಮ್ಮ ಉಳಿದ ಹನ್ನೊಂದನ್ನೂ ತೆಗೆದು ದಾರಿ ಆ ತುದಿಗೆ ಮುಟ್ಟಿಸೋಣು ಅಂತಾನ. ಮಗಳು ದಿನಾ ಸಂಜಿಕ ತಾಲೀಮು ಮಾಡೋದು ಅದೇ ಅಗಲ ಮಾಡಿದ ದಾರಿ ಮ್ಯಾಲ! ಹಂಗಾಗಿ ದಾರಿ ಕೆಟ್ಟದು ಅಂತ ಹೇಳಾಕ ನನಗ ಬಾಯಿಲ್ಲ.

ನಿನ್ನೆ ಮೂವರೂ ಬದುವಿನ ಮೇಲೆ ನಿಂತು ಅಳತೆ ಹಾಕಿದ್ವಿ. ಅಪ್ಪ ಕಡೀಕ ಬಾಯಿ ತಗದ: "ಟ್ರ್ಯಾಕ್ಟರ್ ಗಿಡಾ ಸುತ್ತಿ ಬರತೈತಿ. ಗಿಡಾ ಟ್ರ್ಯಾಕ್ಟರ್ ಸುತ್ತಿ ಹೋಗಾಕ ಬರೂದಿಲ್ಲ." ತಮ್ಮ ನಕ್ಕ. ದಾರಿ ಎರಡು ಕಡೆ ಸೊಟ್ಟ ಆಗ್ತದ, ಆಗಲಿ. ಹನ್ನೊಂದೂ ಉಳಿದವು. ಕಿತ್ತ ಐದಕ್ಕ ಬದಲಿ ಈ ಸಲದ ಬೀಜ ಹಾಕ್ತೇವಿ. ನೆಟ್ಟ ಬೀಜ ಹಣ್ಣು ಕೊಡಾಕ ಮೂರು-ನಾಲ್ಕು ವರ್ಷ ಬೇಕು.

ಭಾನುವಾರ ಶರ್ಯತ್ತು. ಇವತ್ತು ಎರಡು ಬುಟ್ಟಿ ಕಾಯಿ ಅಡೆ ಹಾಕೇನಿ, ಅವತ್ತಿಗೆ ಸರಿಯಾಗಿ ಹಣ್ಣಾಗ್ತಾವ. ಆಕಿ ಗೆದ್ದರೂ ಸೈ, ಕಡೀಕ ಬಂದರೂ ಸೈ, ಓಡಿದ ಎಲ್ಲಾ ಹುಡುಗಿಯರಿಗೂ ಒಂದೊಂದು ಹಣ್ಣು. ಆ ಕಡೆ ಇದ್ದವರು ಬರ್ರಿ. ನಿಮ್ಮ ಮನಿ ಗೂಟಕ್ಕೂ ಹಳೇ ಸೈಕಲ್ ಬಿಲ್ಲೆ ತೂಗಾಡ್ತಿದ್ದರ ಒಂದು ಫೋಟೋ ತಗದಿಡ್ರಿ, ಅದರ ಕತಿ ಹಿರೇರ ಬಾಯಿಂದ ಈಗಲೇ ಬರಕೊಳ್ರಿ.