ಪಡುವಣ ಬೆಂಗಳೂರಿನ ಶಂಖಪುಷ್ಪ

ಬೆಂಗಳೂರಿನ ಉದ್ಯಾನಗಳ ಚರಿತ್ರೆಯನ್ನು ಬರೆಯುವವರು ಲಾಲ್‌ಬಾಗಿನಿಂದ ಆರಂಭಿಸಿ ಪ್ರಾಯಶಃ ಲಾಲ್‌ಬಾಗಿನಲ್ಲಿಯೇ ಮುಗಿಸುತ್ತಾರೆ. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟವು ಟಿಪ್ಪುವಿನ ಕಾಲದಲ್ಲಿ ಪರದೇಶಗಳ ಬೀಜ ಸಸಿಗಳಿಂದ ಸಮೃದ್ಧವಾಗಿ, 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್ಲರ ದಕ್ಷತೆಯಿಂದ ನಗರದ ಬೀದಿಗಳಿಗೂ ತನ್ನ ಶೋಭೆಯನ್ನು ಹಂಚಿದ್ದು ಸ್ಮರಣೀಯವೇ ಸರಿ. ಆದರೆ ಗೃಹಸ್ಥರು ತಮ್ಮ ಬಾಗಿಲ ಮುಂದೆ ಸ್ವಹಸ್ತದಿಂದ ಬೆಳೆಸಿಕೊಂಡ ಪುಷ್ಪಸಂಪತ್ತಿಗೂ ಒಂದು ಚರಿತ್ರೆಯುಂಟು. ಅದು ಯಾವ ದಫ್ತರದಲ್ಲಿಯೂ ದಾಖಲಾಗಿಲ್ಲ.

ಪಡುವಣ ಬೆಂಗಳೂರಿನಲ್ಲಿ ಆ ಚರಿತ್ರೆ ಹೊಸ ಬಡಾವಣೆಗಳೊಡನೆ ಬೆಳೆಯಿತು. ಅಂಥ ಬಡಾವಣೆಗಳನ್ನು ರೂಪಿಸುವ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು 1945ರಲ್ಲಿ ಸ್ಥಾಪಿತವಾಯಿತು. 1949ರಲ್ಲಿ, ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಗಳ ಹೆಸರನ್ನು ಹೊತ್ತು ರಾಜಾಜಿನಗರವು ಕೈಗಾರಿಕಾ ಉಪನಗರವಾಗಿ ತಲೆಯೆತ್ತಿತು. ತರುವಾಯದ ದಶಕಗಳಲ್ಲಿ ಕಾರ್ಡ್ ರಸ್ತೆಯಾಚೆಗೆ ವಿಜಯನಗರ, ಬಸವೇಶ್ವರನಗರಗಳು ಹಬ್ಬಿದವು. ಮೂವತ್ತು ಅಡಿಗೆ ನಲವತ್ತು ಅಡಿಯ ಸೈಟಿನಲ್ಲಿ ಮನೆ ಕಟ್ಟಿದ ಸಂಸಾರಕ್ಕೆ ಗೇಟಿಗೂ ಜಗುಲಿಗೂ ನಡುವೆ ಉಳಿಯುತ್ತಿದ್ದುದು ಒಂದು ಮಡಿಯಷ್ಟು ಕೆಮ್ಮಣ್ಣು. ಅಲ್ಲಿ ಅಗಲವಿರಲಿಲ್ಲ, ಎತ್ತರವಿತ್ತು. ಆದಕಾರಣವೇ ಗೇಟಿನ ಮೇಲಣ ಕಬ್ಬಿಣದ ಕಮಾನಿಗೆ ಬಳ್ಳಿಯನ್ನು ಹಬ್ಬಿಸುವ ಪದ್ಧತಿ ಈ ಬಡಾವಣೆಗಳಲ್ಲಿ ಬೇರೂರಿತು. ಬೋಗನ್‌ವಿಲ್ಲಾ, ರಂಗೂನ್ ಬಳ್ಳಿಗಳಿಗೆ ಕಡ್ಡಿಯನ್ನೋ ಸಸಿಯನ್ನೋ ಅರಸಬೇಕು. ಶಂಖಪುಷ್ಪಕ್ಕಾದರೋ ಎದುರುಮನೆಯ ಒಂದು ಒಣಗಿದ ಕಾಯಿ ಸಾಕು. ನಿತ್ಯವೂ ದೇವರ ತಲೆಗೆ ಹೂವು ಬೇಕೆನ್ನುವ ಮನೆಗಳಲ್ಲಿ ಶಿವನಿಗೂ ವಿಷ್ಣುವಿಗೂ ಸಲ್ಲುವ ಈ ನೀಲಿ ಹೂವು ಅಲಂಕಾರದೊಡನೆ ಪೂಜೆಗೂ ಒದಗಿತು.

ಬಿತ್ತುವ ಕ್ರಮದಲ್ಲಿ ಒಂದು ಸೂಕ್ಷ್ಮವುಂಟು. ಚಪ್ಪಟೆಯಾದ ಕಾಯಿ ಕಂದು ಬಣ್ಣಕ್ಕೆ ತಿರುಗಿದೊಡನೆ ಬಿಡಿಸಿಕೊಳ್ಳಬೇಕು. ತಡವಾದರೆ ಅದು ಬಿಸಿಲಿಗೆ ತಿರುಚಿಕೊಂಡು ಸಿಡಿದು ಬೀಜವನ್ನೆಲ್ಲ ಚೆಲ್ಲಿಬಿಡುತ್ತದೆ. ಬೀಜದ ಸಿಪ್ಪೆ ನೀರಿಗೆ ಸುಲಭವಾಗಿ ಎಡೆಗೊಡದಷ್ಟು ಕಠಿಣವಾದುದರಿಂದ, ಮೊಳಕೆಯ ಕಣ್ಣಿಗೆ ನೋವಾಗದಂತೆ ಹಿಂಬದಿಯನ್ನು ಒರಟು ಕಲ್ಲಿಗೆ ತುಸು ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೆರಳ ಗೆಣ್ಣಿನಷ್ಟು ಆಳದಲ್ಲಿ ಊರಿದರೆ, ಒಂದೆರಡು ವಾರಗಳಲ್ಲಿ ಮೊಳಕೆ ಕಾಣಿಸಿಕೊಳ್ಳುವುದು. ಹಿಡಿದೇರಲು ಇದಕ್ಕೆ ಕುಡಿಗಳಿಲ್ಲ. ಕಾಂಡವೇ ಸುತ್ತಿಕೊಂಡು ಹತ್ತುವುದರಿಂದ ತೆಳುವಾದ ಹುರಿಯನ್ನು ಕಟ್ಟಿಕೊಡಬೇಕು. ಅವರೆ, ಅಲಸಂದೆಗಳ ಕುಲದ್ದಾದ ಇದು ಬೇರಿನ ಗಂಟುಗಳಲ್ಲಿ ಸಾರಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ಹೆಚ್ಚು ಗೊಬ್ಬರವನ್ನು ಬೇಡದು.

ಇದರ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಗಟ್ಟುತ್ತದೆ. ಹೀಗಾಗಿ ಬಿಳಿಯ ಬಳ್ಳಿಯ ಬೀಜದಿಂದ ಸಾಧಾರಣವಾಗಿ ಬಿಳಿಯೂ, ಪದರಪದರದ ನೀಲಿಯಿಂದ ಅಂಥದೇ ನೀಲಿಯೂ ಹುಟ್ಟುತ್ತವೆ. ತಾಯಿಯಿಂದ ಮಗಳಿಗೆ ಬಂದ ಬೀಜ ತಲೆಮಾರು ಕಳೆದರೂ ತನ್ನ ರೂಪವನ್ನು ಬಿಡಲಿಲ್ಲ. ಇದಕ್ಕೆ ಪ್ರತಿಯಾಗಿ, ಕೊಂಡು ಬಿತ್ತುವ ಬೀಜದ ಸಂಪ್ರದಾಯವೊಂದೂ ಈ ನಗರದಲ್ಲಿ ಬೆಳೆಯಿತು. 1965ರಲ್ಲಿ ಮನಮೋಹನ ಅತ್ತಾವರರು ಸ್ಥಾಪಿಸಿದ ಇಂಡೋ–ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು ಕೆಂಗೇರಿಯ ಕಡೆಗೆ ಹೋಗುವ ಹಾದಿಯ ಚನ್ನಸಂದ್ರದಲ್ಲಿ ಬೇರೂರಿ, ಸಂಕರ ಬೀಜದ ವಿದ್ಯೆಯನ್ನು ಈ ನಾಡಿಗೆ ಪರಿಚಯಿಸಿ, ಪೆಟೂನಿಯದ ಬೀಜವನ್ನು ಹೊರದೇಶಗಳಿಗೆ ಕಳುಹಿಸಿದ್ದು ಸಾಮಾನ್ಯ ಸಾಧನೆಯಲ್ಲ. ಆದರೂ ಸಂಕರದ ಗುಣ ಮರುಬಿತ್ತನೆಯಲ್ಲಿ ಚದುರಿಹೋಗುತ್ತದೆ. ಪ್ರತಿ ಸಲವೂ ಹೊಸ ಬೀಜವನ್ನೇ ಕೊಳ್ಳಬೇಕು. ಒಂದೇ ನಗರದಲ್ಲಿ ನೆಲೆಸಿದ ಈ ಎರಡು ಬೀಜಸಂಪ್ರದಾಯಗಳಲ್ಲಿ ಕೊಳ್ಳುವ ಶಕ್ತಿಯಿಲ್ಲದವರ ಬಾಗಿಲನ್ನೂ ಸಿಂಗರಿಸಿದ್ದು ಶಂಖಪುಷ್ಪವೇ ಎಂಬುದನ್ನು ನಾನು ಅಭಿಮಾನದಿಂದ ಹೇಳುತ್ತೇನೆ.

ಇಂದು ಆ ಮನೆಗಳು ಅಂತಸ್ತುಗಳಾಗಿವೆ. ಮಡಿಯಿದ್ದಲ್ಲಿ ವಾಹನ ನಿಲ್ಲುತ್ತದೆ. ಆದರೂ ತಾರಸಿಯ ಒಂದು ಕುಂಡ ಮತ್ತು ಕಂಬಿಗೆ ಕಟ್ಟಿದ ಒಂದು ಹುರಿ ಈ ಬಳ್ಳಿಗೆ ಸಾಲುತ್ತವೆ. ಹಳೆಯ ಬೀದಿಗಳಲ್ಲಿ ಅದು ಇನ್ನೂ ಉಳಿದಿರುವ ಮನೆಯವರು, ಈ ಸಲ ಒಣಗಿದ ಕಾಯಿಗಳನ್ನು ಗುಡಿಸಿ ಎಸೆಯದೆ, ಕಾಗದದಲ್ಲಿ ಪೊಟ್ಟಣ ಕಟ್ಟಿ ಪಕ್ಕದ ಮನೆಯವರಿಗೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.